ಹೀಟ್ ಪಂಪ್‌ನ ಟ್ಯಾಕ್ಸ್ ಕ್ರೆಡಿಟ್ ನನ್ನ ಕೈತಪ್ಪಿದ್ದು ಹೀಗೆ

ನ್ಯೂಜೆರ್ಸಿಯಲ್ಲಿರುವ ನಮ್ಮ ಹಳೆಯ ಮನೆಗೆ ಹೀಟ್ ಪಂಪ್ (ಮನೆಯನ್ನು ಬಿಸಿ ಮಾಡುವ, ತಂಪಾಗಿಸುವ ವಿದ್ಯುತ್ ಯಂತ್ರ) ಹಾಕಿಸಿ, ಅಟ್ಟಕ್ಕೆ ಇನ್ಸುಲೇಶನ್ (ಶಾಖ ಸೋರದಂತೆ ತಡೆಯುವ ಸಾಮಗ್ರಿ) ತುಂಬಿಸಿದ್ದಕ್ಕೆ ಸುಮಾರು ಐದು ಸಾವಿರ ಡಾಲರ್ ಫೆಡರಲ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆಯಲ್ಲಿ ಕಡಿತ, ಸಿಗುತ್ತದೆ ಎಂದು ನಂಬಿದ್ದ ನನಗೆ ಕೊನೆಗೆ ದಕ್ಕಿದ್ದು 330 ಡಾಲರ್ ಮಾತ್ರ. ಇಂತಹ ಕೆಲಸ ಮಾಡಿಸಿ ಈಗ ತೆರಿಗೆ ಲೆಕ್ಕ ಸಲ್ಲಿಸುತ್ತಿರುವವರು ಮತ್ತು ಮಾರಾಟಗಾರರ ಮಾತು ಕೇಳಿ ಹೊಸದಾಗಿ ಕರಾರಿಗೆ ಸಹಿ ಹಾಕಲಿರುವವರು ನನ್ನಂತೆ ಮೋಸಹೋಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

2025ರ ಅಕ್ಟೋಬರ್‌ನಲ್ಲಿ ಕಂಪನಿಯ ಪ್ರತಿನಿಧಿಯೊಬ್ಬರು ಮನೆಗೆ ಬಂದು, ಹೀಟ್ ಪಂಪ್‌ಗೆ 14,000 ಡಾಲರ್, ಇನ್ಸುಲೇಶನ್‌ಗೆ 2,600 ಡಾಲರ್ ಎಂದು ಅಂದಾಜು ಬರೆದು, ಒಟ್ಟು ಮೊತ್ತದ ಶೇ 30, ಅಂದರೆ 4,980 ಡಾಲರ್, ತೆರಿಗೆಯಲ್ಲಿ ವಾಪಸು ಬರುತ್ತದೆ ಎಂದು ಅದೇ ಹಾಳೆಯಲ್ಲಿ ನಮೂದಿಸಿದರು. ಅವರು ಕೊಟ್ಟ ಕರಪತ್ರದಲ್ಲಿ ಈ ಸೌಲಭ್ಯ 2032ರವರೆಗೆ ಇರುತ್ತದೆ ಎಂದು ಅಚ್ಚಾಗಿತ್ತು. 2022ರ ಇನ್‌ಫ್ಲೇಶನ್ ರಿಡಕ್ಷನ್ ಆಕ್ಟ್ ಹೇಳಿದ್ದು ಹಾಗೆಯೇ. ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನು ಆ ಗಡುವನ್ನು 2025ರ ಡಿಸೆಂಬರ್ 31ಕ್ಕೆ ಮೊಟಕುಗೊಳಿಸಿತ್ತು. ಇದನ್ನು ನಾನೇ ಪ್ರಸ್ತಾಪಿಸಿದಾಗ, ವರ್ಷದೊಳಗೆ ಪೂರ್ತಿ ಹಣ ಪಾವತಿಸಿ ರಸೀದಿ ಪಡೆದರೆ ಸಾಕು ಎಂದು ಅವರು ಭರವಸೆ ಕೊಟ್ಟರು. ನವೆಂಬರ್‌ನಲ್ಲಿಯೇ ಪೂರ್ತಿ ಹಣ ಕಟ್ಟಿಬಿಟ್ಟೆ.

ನಾನು ಮಾಡಿದ ದೊಡ್ಡ ತಪ್ಪು ಅದೇ. ಈ ಕ್ರೆಡಿಟ್‌ಗೆ ಹಣ ಕೊಟ್ಟ ದಿನ ಲೆಕ್ಕಕ್ಕೆ ಬರುವುದಿಲ್ಲ. ಉಪಕರಣವನ್ನು ಅಳವಡಿಸಿ, ಅದು ಬಳಕೆಗೆ ಸಿದ್ಧವಾದ ದಿನವೇ ಲೆಕ್ಕ. ಇನ್ಸುಲೇಶನ್ ಕೆಲಸ ನವೆಂಬರ್‌ನಲ್ಲಿ ಮುಗಿಯಿತು. ಹೀಟ್ ಪಂಪ್‌ನ ಹೊರಗಿನ ಘಟಕ ಡಿಸೆಂಬರ್ ಮಧ್ಯದಲ್ಲಿ ಬಂದು ಮನೆಯ ಹಿಂದೆ ಕುಳಿತಿತಾದರೂ, ವಿದ್ಯುತ್ ಸಂಪರ್ಕ ಕೊಡಬೇಕಾಗಿದ್ದ ಎಲೆಕ್ಟ್ರಿಷಿಯನ್ ಕ್ರಿಸ್‌ಮಸ್ ರಜೆಯ ನೆಪ ಹೇಳಿ ಬರಲೇ ಇಲ್ಲ. ಪೂರ್ತಿ ಹಣ ಆಗಲೇ ಸಂದಾಯವಾಗಿದ್ದರಿಂದ ಅವರನ್ನು ಅವಸರಪಡಿಸಲು ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಯಂತ್ರ ಚಾಲೂ ಆದದ್ದು 2026ರ ಜನವರಿ ಎರಡನೆಯ ವಾರದಲ್ಲಿ. ಅಲ್ಲಿಗೆ ಹೀಟ್ ಪಂಪ್‌ನ ಕ್ರೆಡಿಟ್ ಸಂಪೂರ್ಣವಾಗಿ ಹೋಯಿತು.

ಸಮಯಕ್ಕೆ ಸರಿಯಾಗಿ ಮುಗಿದಿದ್ದರೂ ಪ್ರತಿನಿಧಿ ಬರೆದುಕೊಟ್ಟ ಮೊತ್ತ ಬರುತ್ತಿರಲಿಲ್ಲ ಎಂಬುದು ತೆರಿಗೆ ಸಲಹೆಗಾರರ ಬಳಿ ಹೋದಾಗಲೇ ನನಗೆ ತಿಳಿದದ್ದು. ಹೀಟ್ ಪಂಪ್‌ಗೆ ವರ್ಷಕ್ಕೆ 2,000 ಡಾಲರ್ ಮಿತಿ ಇತ್ತು. ಅದರ ಖರ್ಚಿನ ಲೆಕ್ಕದಲ್ಲಿ ಕೂಲಿಯನ್ನೂ ಸೇರಿಸಬಹುದಿತ್ತು. ಆದರೆ ಇನ್ಸುಲೇಶನ್, ಕಿಟಕಿ ಮತ್ತು ಬಾಗಿಲುಗಳಿಗೆ ಸಾಮಗ್ರಿಯ ಬೆಲೆಯನ್ನು ಮಾತ್ರ ಪರಿಗಣಿಸುತ್ತಿದ್ದರು. ನನ್ನ ಬಿಲ್ಲಿನಲ್ಲಿ ಇನ್ಸುಲೇಶನ್‌ನ ಸಾಮಗ್ರಿ, ಕೂಲಿ ಎರಡನ್ನೂ ಒಟ್ಟಿಗೆ ಬರೆದಿದ್ದರು. ಹಲವು ಬಾರಿ ಕೇಳಿ ಬಿಡಿಬಿಡಿಯಾಗಿ ಬರೆಸಿಕೊಂಡಾಗ 2,600 ಡಾಲರ್‌ನಲ್ಲಿ ಸಾಮಗ್ರಿಯದು 1,100 ಮಾತ್ರ ಎಂದಾಯಿತು. ಅದರ ಶೇ 30 ಎಂದರೆ 330. ಇನ್ನೊಂದು ಮಾತು, ಮುಖ್ಯವಾಗಿ ನಿವೃತ್ತರಿಗೆ: ಇದು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಮೊತ್ತವೇ ಹೊರತು ಕೈಗೆ ಬರುವ ಹಣವಲ್ಲ. ತೆರಿಗೆ ಕಡಿಮೆ ಇದ್ದರೆ ಮಿಕ್ಕ ಕ್ರೆಡಿಟ್ ಮುಂದಿನ ವರ್ಷಕ್ಕೂ ಹೋಗದು.

ನಾನು ದೂರು ಹೇಳಿದಾಗ ಕಂಪನಿಯವರು, ಕೆಲಸ ಡಿಸೆಂಬರ್ 30ಕ್ಕೆ ಮುಗಿದಿತ್ತು ಎಂದು ಬಿಲ್ ಬದಲಿಸಿ ಕೊಡುತ್ತೇವೆ ಎಂದರು. ನನಗೆ ನಿಜಕ್ಕೂ ಭಯವಾದದ್ದು ಆಗಲೇ. ತೆರಿಗೆ ಪತ್ರದಲ್ಲಿ ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗಬೇಕಾಗುತ್ತದೆ ಎಂದು ತಿಳಿದೇ ನಾವು ಅದಕ್ಕೆ ಸಹಿ ಹಾಕುತ್ತೇವೆ. ಆ ಸಹಿ ನನ್ನದು, ಕಂಪನಿಯದಲ್ಲ. ಗ್ರೀನ್ ಕಾರ್ಡಿನ ದಾರಿ ಕಾಯುತ್ತಿರುವ ಕನ್ನಡಿಗರು ಇಂತಹ ಉಪಕಾರವನ್ನು ಯಾವ ಕಾರಣಕ್ಕೂ ಒಪ್ಪಿಕೊಳ್ಳಬೇಡಿ.

ನಷ್ಟ ತುಂಬಿಕೊಡುವಂತೆ ಅವರದೇ ಅಂದಾಜು ಹಾಳೆಯನ್ನು ಲಗತ್ತಿಸಿ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಈಗಲೂ ಯಾರಾದರೂ 2026ರ ಕೆಲಸಕ್ಕೆ ಈ ಫೆಡರಲ್ ಕ್ರೆಡಿಟ್ ತೋರಿಸಿ ಬೆಲೆ ಹೇಳಿದರೆ ಸಹಿ ಹಾಕಬೇಡಿ. ಡಿಸೆಂಬರ್ 31ರೊಳಗೆ ಕೆಲಸ ಮುಗಿದಿದ್ದವರು ಈ ಕ್ರೆಡಿಟ್ ಕೇಳುವ ತೆರಿಗೆ ನಮೂನೆಯಾದ ಫಾರ್ಮ್ 5695 ತುಂಬುವ ಮೊದಲು ಸಾಮಗ್ರಿ ಮತ್ತು ಕೂಲಿಯನ್ನು ಬೇರ್ಪಡಿಸಿದ ಬಿಲ್ಲನ್ನೂ, ಕಿಟಕಿ ಅಥವಾ ಹೀಟ್ ಪಂಪ್ ಆಗಿದ್ದರೆ ತಯಾರಕರ ನಾಲ್ಕು ಅಕ್ಷರಗಳ ಗುರುತು ಸಂಖ್ಯೆಯನ್ನೂ ಕಂಪನಿಯಿಂದ ಪಡೆದುಕೊಳ್ಳಿ.