ಬಂದೂಕಿನ ಹಕ್ಕಿಗಾಗಿ: ಸಂಘ ಸೇರುವುದಾ, ನೀವೇ ಮುಂದೆ ಬರುವುದಾ?

ಅಮೆರಿಕದಲ್ಲಿ ನೆಲೆಸಿ, ಬಂದೂಕು ಇಟ್ಟುಕೊಳ್ಳುವ ಹಕ್ಕು ಉಳಿಯಬೇಕು ಅನ್ನುವವರ ಮುಂದೆ ಈ ಪ್ರಶ್ನೆ ಬಂದೇ ಬರುತ್ತದೆ.

ಕೋರ್ಟಿನ ಹೋರಾಟಕ್ಕೆ ಬಂದೂಕುದಾರರ ಸಂಘ ಬೇಕು. ವಕೀಲರ ಖರ್ಚು, ವರ್ಷಗಟ್ಟಲೆ ಅಲೆದಾಟ ಒಬ್ಬರ ಕೈಲಾಗುವ ಮಾತಲ್ಲ. 2022ರ ಬ್ರೂಯೆನ್ ಪ್ರಕರಣವನ್ನು ಸುಪ್ರೀಂ ಕೋರ್ಟಿಗೆ ಒಯ್ದು ಗೆದ್ದದ್ದು ನ್ಯೂಯಾರ್ಕಿನ ರಾಜ್ಯ ಸಂಘ. ಹೊರಗೆ ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನಿಯಮ ಬಿದ್ದುಹೋಯಿತು. ಆದರೆ ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದ 2008ರ ಹೆಲ್ಲರ್ ತೀರ್ಪಿನ ಹಿಂದೆ ಇದ್ದವರು ವಾಷಿಂಗ್ಟನ್ನಿನ ಕಾವಲುಗಾರ ಡಿಕ್ ಹೆಲ್ಲರ್ ಮತ್ತು ಬೆರಳೆಣಿಕೆಯ ವಕೀಲರು. ದೇಶದ ದೊಡ್ಡ ಬಂದೂಕು ಸಂಘವಾದ ಎನ್‌ಆರ್‌ಎ (ನ್ಯಾಷನಲ್ ರೈಫಲ್ ಅಸೋಸಿಯೇಷನ್) ಮೊದಲು ಹಿಂಜರಿದಿತ್ತು!

ಚಂದಾ ಕಟ್ಟುವ ಮುಂಚೆ ಹಣ ಎಲ್ಲಿ ಹೋಗುತ್ತದೆ ಅಂತ ನೋಡಿ. ಎನ್‌ಆರ್‌ಎ ಮಾಜಿ ಮುಖ್ಯಸ್ಥ ವೇಯ್ನ್ ಲಾಪಿಯರ್ ಸಂಘದ ಹಣ ದುರುಪಯೋಗ ಮಾಡಿದ್ದಾರೆಂದು 2024ರಲ್ಲಿ ನ್ಯೂಯಾರ್ಕ್ ಜ್ಯೂರಿ ಹೇಳಿತು. ನನಗೆ ರಾಜ್ಯಮಟ್ಟದ ಸಂಘಗಳ ಮೇಲೇ ನಂಬಿಕೆ ಜಾಸ್ತಿ.

ಮಸೂದೆಯ ಮಾತು ಬಂದಾಗ ಮಾತ್ರ ನೀವೇ ಹೋಗಬೇಕು. ಎಷ್ಟೋ ರಾಜ್ಯಗಳಲ್ಲಿ ಶಾಸನಸಭೆಯ ಸಮಿತಿ ಮುಂದೆ ಸಾಮಾನ್ಯರೂ ಹೆಸರು ಬರೆಸಿ ಮಾತಾಡಬಹುದು. ಸಿಗುವುದು ಎರಡು ಮೂರು ನಿಮಿಷ. ಮಸೂದೆ ನಂಬರ್ ಹೇಳಿ, ನಿಮ್ಮ ಊರು ಹೇಳಿ, ಒಂದೇ ಅಂಶ ಹಿಡಿದು ಮಾತಾಡಿ. ಸಂಘ ಕಳಿಸಿದ ರೆಡಿಮೇಡ್ ಇಮೇಲ್‌ಗೆ ಆ ತೂಕ ಇಲ್ಲ, ಅಲ್ವಾ?

ಎಚ್-1ಬಿ ವೀಸಾದವರು ಹುಷಾರು. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವಂತಿಲ್ಲ.

ಬಿಡುವಿಲ್ಲದವರು ರಾಜ್ಯ ಸಂಘ ಸೇರಿ. ವರ್ಷಕ್ಕೆ ಒಂದು ದಿನ ಸಿಕ್ಕರೂ ಸಮಿತಿಯ ಮುಂದೆ ಹೋಗಿ ಕೂರಿ.