ರೋಟರ್ ಎರಕಕ್ಕೆ ಯಾವ ಗುಜರಿ: ತಂತಿ, ಸೆಕ್ಷನ್ ತುಂಡು, ಲೇತಿನ ಚೂರು

ಪಂಪ್‌ಸೆಟ್ ಮೋಟರಿನೊಳಗೆ ತಿರುಗುವ ಭಾಗವಾದ ರೋಟರಿಗೆ ಎರಕ ಹೊಯ್ಯುವ ಅಲ್ಯೂಮಿನಿಯಂ ಆದಷ್ಟು ಶುದ್ಧವಾಗಿರಬೇಕು. ರೋಟರಿನ ಸ್ಲಾಟುಗಳೊಳಗೆ (ಸೀಳುಗಳೊಳಗೆ) ಇಳಿದು ಸರಳುಗಳಾಗುವ ಆ ಲೋಹ ವಿದ್ಯುತ್ತನ್ನು ಸರಾಗವಾಗಿ ಹರಿಸದಿದ್ದರೆ ರೋಟರ್ ಕಾಯುತ್ತದೆ, ಮೋಟರಿನ ದಕ್ಷತೆ ಇಳಿಯುತ್ತದೆ. ಶೇಕಡಾ 99.5ಕ್ಕಿಂತ ಹೆಚ್ಚು ಶುದ್ಧವಾದ ಇಂಗಟ್ (ಲೋಹದ ಗಟ್ಟಿ) ಕೊಂಡರೆ ಚಿಂತೆಯಿಲ್ಲ, ಆದರೆ ತಿಂಗಳಿಗೆ ಹತ್ತಿಪ್ಪತ್ತು ರೋಟರ್ ಮಾಡುವ ನನ್ನಂಥ ಸಣ್ಣ ಶೆಡ್ಡಿಗೆ ಅದು ಬೇಕಾದಷ್ಟೇ ಪ್ರಮಾಣದಲ್ಲಿ ಸಿಗುವುದಿಲ್ಲ. ಹೀಗಾಗಿ ಗುಜರಿಯಿಂದಲೇ ಅಂಥ ಲೋಹ ಪಡೆಯಬಹುದೇ ಎಂದು ನೋಡಲು ಮೂರು ಬಗೆಯ ಗುಜರಿಯನ್ನು ತಲಾ 5 ಕಿಲೋ ತಂದು, ಒಂದೇ ಕುಲುಮೆಯಲ್ಲಿ, ಒಂದೇ ಗ್ರಾಫೈಟ್ ಮೂಸೆಯಲ್ಲಿ ಕರಗಿಸಿ ಹೋಲಿಸಿದೆ: ಹಳೆಯ ಎಸಿಎಸ್‌ಆರ್ (ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಹೊಸೆದ) ವಿದ್ಯುತ್ ತಂತಿಯ ಅಲ್ಯೂಮಿನಿಯಂ ಎಳೆಗಳು, ಕಿಟಕಿ ಬಾಗಿಲು ಮಾಡುವವರ ಬಳಿ ಉಳಿಯುವ ಅಲ್ಯೂಮಿನಿಯಂ ಚೌಕಟ್ಟಿನ ಸೆಕ್ಷನ್ ತುಂಡುಗಳು, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ಶಾಪಿನಿಂದ ಚೀಲದಲ್ಲಿ ಬರುವ ಲೇತಿನ ಚೂರು.

ಕಣ್ಣಿಗೆ ಬೆಳ್ಳಿಯಂತೆ ಹೊಳೆಯುವುದು ಚೂರು, ಅಗ್ಗವಾಗಿರುವುದೂ ಅದೇ. ತಂತಿಗೆ ಕೊಟ್ಟ ಬೆಲೆಯ ಮೂರನೇ ಎರಡರಷ್ಟಕ್ಕೆ ನನಗೆ ಸಿಕ್ಕಿತು. ತಂತಿಯಿಂದ 4.7 ಕಿಲೋ, ಸೆಕ್ಷನ್‌ನಿಂದ 4.6 ಕಿಲೋ ಲೋಹ ಕೈಗೆ ಬಂದರೆ, ಚೂರಿನಿಂದ ಬಂದದ್ದು ಬರೀ 3.4 ಕಿಲೋ. ತೆಳ್ಳಗಿನ ಸುರುಳಿಗಳ ಮೈಮೇಲೆಲ್ಲ ಆಕ್ಸೈಡಿನ ಪೊರೆ ಇರುವುದರಿಂದ ಅವು ಕರಗಿದರೂ ಒಂದಕ್ಕೊಂದು ಕೂಡುವುದಿಲ್ಲ; ಮೇಲೆ ತೇಲುತ್ತಾ ಉರಿದು, ಬೂದು ಬಣ್ಣದ ಕಿಟ್ಟವಾಗಿ ನಿಲ್ಲುತ್ತವೆ. ಎರಡನೆಯ ಸಲ ಮೂಸೆಯ ತಳದಲ್ಲಿ ಒಂದೂವರೆ ಕಿಲೋ ಲೋಹವನ್ನು ಮೊದಲೇ ಕರಗಿಸಿಟ್ಟು, ಚೂರನ್ನು ಬಿಗಿಯಾಗಿ ಒತ್ತಿ ಉಂಡೆ ಮಾಡಿ, ಕವರ್ ಫ್ಲಕ್ಸಿನ (ಕರಗಿದ ಲೋಹವನ್ನು ಮುಚ್ಚುವ ಪುಡಿಯ) ಕೆಳಗೆ ಅದುಮಿ ಮುಳುಗಿಸಿದಾಗ 5 ಕಿಲೋ ಚೂರಿಗೆ 4.1 ಕಿಲೋ ದಕ್ಕಿತು. ಅದಕ್ಕೂ ಮೊದಲು ಕೂಲಂಟ್ ಎಣ್ಣೆಯನ್ನು ಸೋಪುಪುಡಿಯ ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಹರಡಬೇಕಾಯಿತು. ಈ ಒಣಗಿಸುವಿಕೆಯಲ್ಲಿ ಅವಸರ ಮಾಡಲೇಬಾರದು, ಏಕೆಂದರೆ ಕರಗಿದ ಲೋಹದ ಕೆಳಗೆ ಹೋದ ಒಂದು ಹನಿ ನೀರು ಕ್ಷಣದಲ್ಲಿ ಆವಿಯಾಗಿ ಇಡೀ ಮೂಸೆಯ ಲೋಹವನ್ನು ಮೇಲಕ್ಕೆ ಸಿಡಿಸಬಲ್ಲದು. ಅರದ ಪುಡಿಯನ್ನೂ ಗ್ರೈಂಡರಿನ ಧೂಳನ್ನೂ ನಾನು ಕೂಡಿಡುವುದಿಲ್ಲ. ಗಾಳಿಯಲ್ಲಿ ಹಾರಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು, ಒದ್ದೆಯಾದರೆ ಹೈಡ್ರೋಜನ್ ಬಿಡುತ್ತದೆ.

ಶುದ್ಧತೆಯ ಪರೀಕ್ಷೆಗೆ ಮೊದಲು ಹಿಡಿದದ್ದು ತೂಕ. ಶುದ್ಧ ಅಲ್ಯೂಮಿನಿಯಂ ಘನ ಸೆಂಟಿಮೀಟರಿಗೆ 2.70 ಗ್ರಾಂ ಇರುತ್ತದೆ. ಗಾಳಿಯಲ್ಲೊಮ್ಮೆ, ನೀರಿನಲ್ಲಿ ತೂಗುಬಿಟ್ಟು ಇನ್ನೊಮ್ಮೆ ತೂಗಿದರೆ ಸಾಂದ್ರತೆ ಸಿಗುತ್ತದೆ. ಸತು ಬೆರೆತ 7075 ಮಿಶ್ರಲೋಹ 2.81ರಷ್ಟು ಇರುವುದರಿಂದ ಅದು ಇಲ್ಲಿ ಸಿಕ್ಕಿಬೀಳುತ್ತದೆ, ಆದರೆ ಸೆಕ್ಷನ್‌ಗಳಲ್ಲಿರುವ 6063 ಮಿಶ್ರಲೋಹ ಶುದ್ಧ ಲೋಹದಷ್ಟೇ ತೂಗಿ ಸಲೀಸಾಗಿ ದಾಟಿಹೋಗುತ್ತದೆ. ಎರಡನೆಯದು ಕಾಸ್ಟಿಕ್ ಸೋಡ. ಶೇಕಡಾ ಹತ್ತರಷ್ಟು ಸಾಂದ್ರತೆಯ ದ್ರಾವಣವನ್ನು ಬಯಲಿನಲ್ಲಿ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡು, ಅರದಿಂದ ಉಜ್ಜಿ ಹೊಳಪು ಮಾಡಿದ ಜಾಗಕ್ಕೆ ಒಂದು ಹನಿ ಬಿಟ್ಟೆ. ತಂತಿ ಬೆಳ್ಳಗೇ ಉಳಿಯಿತು, ಸೆಕ್ಷನ್ ಕೂಡ ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಚೂರಿನ ಚೀಲದಿಂದ ಹತ್ತು ಸುರುಳಿಗಳನ್ನು ಬೇರೆಬೇರೆಯಾಗಿ ನೋಡಿದಾಗ ನಾಲ್ಕು ಮಸಿ ಬಳಿದಂತೆ ಕಪ್ಪಾದವು, ಎರಡು ಬೂದು ಬಣ್ಣಕ್ಕೆ ತಿರುಗಿದವು. ತಾಮ್ರ, ಸತು, ಸಿಲಿಕಾನ್ ಇರುವ ಮಿಶ್ರಲೋಹಗಳು ಹೀಗೆ ಬಣ್ಣ ಬಿಡುತ್ತವೆ. ಒಂದೇ ಶಾಪಿನಲ್ಲಿ ಬೆಳಿಗ್ಗೆ ಒಂದು ಲೋಹ, ಮಧ್ಯಾಹ್ನ ಇನ್ನೊಂದು ಲೋಹ ಕೊರೆದು ಎಲ್ಲವನ್ನೂ ಒಂದೇ ಚೀಲಕ್ಕೆ ಗುಡಿಸುವಾಗ ಬೇರೇನನ್ನು ನಿರೀಕ್ಷಿಸಲು ಸಾಧ್ಯ?

ತಂತಿಯನ್ನೂ ಸೆಕ್ಷನ್ನನ್ನೂ ಬೇರ್ಪಡಿಸಿ ತೋರಿಸಿದ್ದು ಮೂರನೆಯ ಪರೀಕ್ಷೆ, ನನಗೆ ಅತ್ಯಂತ ನಂಬಿಕೆ ಹುಟ್ಟಿಸಿದ್ದೂ ಅದೇ. ಪ್ರತಿ ಲೋಹದಿಂದ ಉದ್ದ ಸರಳು ಹೊಯ್ದು, ಲೇತಿನಲ್ಲಿ 5 ಮಿಲಿಮೀಟರ್ ದಪ್ಪಕ್ಕೆ ತಂದು, ಎರಡು ತುದಿಗೆ ಕ್ಲಾಂಪ್ ಹಾಕಿ 10 ಆಂಪಿಯರ್ ನೇರ ವಿದ್ಯುತ್ ಹರಿಸಿದೆ. ಕ್ಲಾಂಪುಗಳ ಒಳಬದಿಯಲ್ಲಿ, ಸರಿಯಾಗಿ 300 ಮಿಲಿಮೀಟರ್ ಅಂತರದಲ್ಲಿ, ಮಲ್ಟಿಮೀಟರಿನ ಎರಡು ಮೊನೆಗಳನ್ನು ಒತ್ತಿ ಹಿಡಿದೆ. ಶುದ್ಧ ಲೋಹವಾದರೆ ಲೆಕ್ಕದ ಪ್ರಕಾರ ಸುಮಾರು 4.3 ಮಿಲಿವೋಲ್ಟ್ ಬರಬೇಕು; ಅಂಕಿ ಹೆಚ್ಚಿದಷ್ಟೂ ಲೋಹ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತಿದೆ ಎಂದರ್ಥ. ತಂತಿಯ ಸರಳು 4.4 ತೋರಿಸಿತು, ಸೆಕ್ಷನ್ 5.1, ಚೂರಿನದು 6.8. ಸರಳಿನೊಳಗೆ ಗಾಳಿಗುಳ್ಳೆ ಇದ್ದರೆ ಅಂಕಿ ಏರುವುದರಿಂದ ಪ್ರತಿಯೊಂದನ್ನೂ ಮೂರು ಸಲ ಹೊಯ್ದು ನೋಡಿದೆ, ಕ್ರಮ ಬದಲಾಗಲಿಲ್ಲ. ಸೆಕ್ಷನ್‌ನಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಎರಡೂ ಸೇರಿ ಶೇಕಡಾ ಒಂದರ ಆಸುಪಾಸಿನಲ್ಲಿರುತ್ತವೆ ಎಂಬುದನ್ನು ನೆನೆದರೆ, ಅಷ್ಟು ಅಲ್ಪ ಬೆರಕೆಯೂ ಇಷ್ಟು ಪರಿಣಾಮ ಬೀರುವುದು ನಿಜಕ್ಕೂ ಗಮನಿಸಬೇಕಾದ ಸಂಗತಿ.

ತಂತಿಯಲ್ಲೂ ಒಂದು ತೊಡಕಿದೆ. ಎಸಿಎಸ್‌ಆರ್ ಎಂದರೆ ನಡುವೆ ಸತು ಲೇಪಿಸಿದ ಉಕ್ಕಿನ ಎಳೆ, ಸುತ್ತಲೂ ಅಲ್ಯೂಮಿನಿಯಂ ಎಳೆಗಳು. ಉಕ್ಕಿನ ಒಂದು ತುಂಡು ಮೂಸೆಗೆ ಬಿದ್ದರೂ ಅದು ನಿಧಾನವಾಗಿ ಕರಗಿ ಲೋಹದೊಳಗೆ ಸೇರುತ್ತದೆ, ಒಮ್ಮೆ ಸೇರಿದ ಕಬ್ಬಿಣವನ್ನು ಯಾವ ಫ್ಲಕ್ಸೂ ಹೊರತೆಗೆಯುವುದಿಲ್ಲ. ನನ್ನ ಮೊದಲ ಎರಕದಲ್ಲಿ 4.9 ಮಿಲಿವೋಲ್ಟ್ ಬಂದು ಕಂಗಾಲಾದಾಗ, ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ಮೂಸೆಯ ತಳದಲ್ಲಿ ಅರ್ಧ ಸವೆದ, ಬೆರಳುದ್ದದ ಉಕ್ಕಿನ ಎಳೆ. ಅಂದಿನಿಂದ ಎಳೆಗಳನ್ನು ಬಿಚ್ಚಿ, ತಟ್ಟೆಯಲ್ಲಿ ಹರಡಿ, ಅಯಸ್ಕಾಂತ ಆಡಿಸಿದ ಮೇಲೆಯೇ ಕುಲುಮೆಗೆ ಹಾಕುತ್ತೇನೆ. ಕಲಕಲು ಕಬ್ಬಿಣದ ಸರಳನ್ನು ಬಳಸುವುದನ್ನೂ ಇದೇ ಕಾರಣಕ್ಕೆ ಬಿಟ್ಟೆ.

ತಂಪು ಪಾನೀಯದ ಡಬ್ಬಿಗಳನ್ನು ಹೋಲಿಕೆಗೆ ಸೇರಿಸಲಿಲ್ಲ. ಅವುಗಳ ಮೈ ಒಂದು ಮಿಶ್ರಲೋಹ, ಮುಚ್ಚಳ ಇನ್ನೊಂದು, ಕರಗಿಸಿದರೆ ಕಿಟ್ಟವೇ ಜಾಸ್ತಿ.

ದಕ್ಕಿದ ಲೋಹದ ಕಿಲೋ ಲೆಕ್ಕಕ್ಕೆ ಇಳಿಸಿದರೆ, ಮೊದಲ ವಿಧಾನದಲ್ಲಿ ಚೂರಿನ ಬೆಲೆ ತಂತಿಯ ಬೆಲೆಯ ಹತ್ತಿರವೇ ಬಂದು ನಿಲ್ಲುತ್ತದೆ. ಉಂಡೆ ಮಾಡಿ ಮುಳುಗಿಸಿದರೆ ಉಳಿತಾಯ ಕಂಡರೂ ತೊಳೆದು ಒಣಗಿಸುವ ಕೂಲಿ ಅದನ್ನು ತಿಂದುಹಾಕುತ್ತದೆ. ಈಗ ರೋಟರಿಗೆ ತಂತಿಯನ್ನು ಮಾತ್ರ ಬಳಸುತ್ತಿದ್ದೇನೆ. ಬಣ್ಣ, ಸ್ಕ್ರೂ, ಪ್ಲಾಸ್ಟಿಕ್ ಪಟ್ಟಿ ತೆಗೆದ ಸೆಕ್ಷನ್ ತುಂಡುಗಳನ್ನು ಹಿಡಿಕೆ, ಬ್ರಾಕೆಟ್‌ಗಳಿಗೆ ಇಟ್ಟುಕೊಂಡಿದ್ದೇನೆ. ಉಳಿದ ಚೂರಿನ ಚೀಲವನ್ನು ಗುಜರಿಯವರಿಗೇ ಹಿಂದಿರುಗಿಸಿದೆ.