31 ಜೋಡಿ ಬಂದಿದ್ದ ಗಾಡಿ ಓಟ: ಎತ್ತು ಕಟ್ಟಿದವನ ಅನುಭವ

ಹಾಸನದ ಹತ್ತಿರ ಕಳೆದ ಭಾನುವಾರ ನಡೆದ ಜೋಡೆತ್ತಿನ ಗಾಡಿ ಓಟಕ್ಕೆ ನಮ್ಮ ಹಳ್ಳಿಕಾರ್ ತಳಿಯ ಜೋಡಿಯನ್ನು ಕರೆದುಕೊಂಡು ಹೋಗಿದ್ದೆವು. ನೋಡೋಕೆ ಬಂದವರು ಆಗಲೇ ವಿಡಿಯೋ ಹಾಕಿದ್ದಾರೆ. ನಾನು ಬರೆಯುತ್ತಿರುವುದು ದುಡ್ಡು ಕಟ್ಟಿ ಎತ್ತು ಓಡಿಸಿದವನ ಕಡೆಯಿಂದ. ಸಾವಿರ ರೂಪಾಯಿ ಪ್ರವೇಶ ಶುಲ್ಕಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ.

ಮೊದಲ ಮಾತು, 31 ಜೋಡಿ ಬಂದಿದ್ದವು. ಇದು ದೊಡ್ಡ ವಿಷಯ. ಕಳೆದ ವರ್ಷ ಬೇರೊಂದು ಕಡೆ ಹೋಗಿದ್ದೆವು, ಊರಿನ ಹೆಸರು ಬೇಡ. ಬೈಕ್ ಬಹುಮಾನ ಅಂತ ಊರೂರಿಗೆ ಫ್ಲೆಕ್ಸ್ ಕಟ್ಟಿದ್ದರು. ಬಂದದ್ದು 9 ಜೋಡಿ. ನಮ್ಮ ಎದುರು ಓಡಬೇಕಿದ್ದ ಜೋಡಿ ಬರಲೇ ಇಲ್ಲ. ಬಿಸಿಲಲ್ಲಿ ಎರಡು ಗಂಟೆ ನೊಗ ಹೊತ್ತು ನಿಂತ ಎತ್ತುಗಳನ್ನು ಓಡಿಸದೇ 'ನೀವು ಗೆದ್ದಿರಿ' ಅಂದುಬಿಟ್ಟರು. ಮೂರು ತಿಂಗಳು ಹುರುಳಿ, ಹಿಂಡಿ ಹಾಕಿ ಸಾಕಿದ ಮೇಲೆ ಓಡದೆ ಗೆದ್ದರೆ ಅದೇನು ಗೆಲುವು? ಅವತ್ತು ನಮ್ಮಪ್ಪ ಮನೆಗೆ ಬರುವವರೆಗೂ ಮಾತಾಡಲಿಲ್ಲ.

ನನ್ನ ತಮ್ಮ ಐರ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಪಾಯಿಂಟ್ ಟು ಪಾಯಿಂಟ್ ಅಂತ ಕುದುರೆ ಓಟ ನಡೆಯುತ್ತದೆ. ಸವಾರರೆಲ್ಲ ಹವ್ಯಾಸಿಗಳು, ಅದೇ ಕಸುಬು ಮಾಡಿಕೊಂಡ ಜಾಕಿಗಳಲ್ಲ. 1752ರಲ್ಲಿ ಕಾರ್ಕ್ ಸೀಮೆಯ ಬಟೆವೆಂಟ್ ಊರಿನ ಚರ್ಚ್‌ನಿಂದ ಡೋನರೈಲ್ ಊರಿನ ಚರ್ಚ್‌ವರೆಗೆ ಇಬ್ಬರು ಪಂತ ಕಟ್ಟಿ ಕುದುರೆ ಓಡಿಸಿದರಂತೆ, ಅಲ್ಲಿಂದ ಬಂದದ್ದು ಇದು. ಈಗ ರೈತರ ಹೊಲಗಳಲ್ಲೇ ಬೇಲಿ ಕಟ್ಟಿ, ಸುಮಾರು ಮೂರು ಮೈಲಿ ಹಾರಿಸಿಕೊಂಡು ಓಡಿಸುತ್ತಾರೆ. ತಮ್ಮ ಹೇಳಿದ್ದು ಕೇಳಿದರೆ ಅವರಿಗೂ ನಮ್ಮದೇ ಚಿಂತೆ. ಮಳೆ ಬಾರದೆ ನೆಲ ಗಟ್ಟಿಯಾದರೆ ಕಾಲು ಕೆಡುತ್ತದೆ ಅಂತ ಮಾಲೀಕರು ಕುದುರೆ ಕಳಿಸುವುದಿಲ್ಲ. ಕೊನೆಗೆ ಒಂದೇ ಕುದುರೆ ಉಳಿದರೆ ಅದು ಸುಮ್ನೆ ಗುರಿ ದಾಟಿದರೂ ಗೆದ್ದ ಹಾಗೆ. ಅದಕ್ಕೆ ವಾಕೋವರ್ ಅನ್ನುತ್ತಾರೆ. ಒಂದು ಸಲವೂ ಗೆಲ್ಲದ ಕುದುರೆಗಳಿಗೆ ಬೇರೆ ಓಟ ಇಡುತ್ತಾರೆ, ಹೆಸರು ಜಾಸ್ತಿ ಬಂದರೆ ಒಂದು ಓಟವನ್ನು ಎರಡು ಮಾಡುತ್ತಾರೆ. ಫೋನಿನಲ್ಲಿ ಇದನ್ನು ಕೇಳುವಾಗ ನನಗೆ ಆ 9 ಜೋಡಿಯದೇ ನೆನಪು.

ಈ ಸಲ ಓಟ ನಡೆಸಿದ ಯುವಕರು ಇದನ್ನೆಲ್ಲ ಯಾರೂ ಹೇಳಿಕೊಡದೇ ಮಾಡಿದ್ದಾರೆ. ದಿನ ಗೊತ್ತು ಮಾಡುವ ಮೊದಲೇ ಎತ್ತು ಸಾಕಿದ ಮನೆಗಳಿಗೆ ಫೋನ್ ಮಾಡಿ ಕೇಳಿದರು. ರಾಗಿ ಒಕ್ಕಣೆ ಮುಗಿದಿರಬೇಕು, ಅದೇ ದಿನ ಅರಸೀಕೆರೆ ಕಡೆಯೋ ಕಡೂರು ಕಡೆಯೋ ಇನ್ನೊಂದು ಓಟ ಇರಬಾರದು. ಕೊಯ್ಲಿನ ಹೊತ್ತಲ್ಲಿ ಓಟ ಇಟ್ಟರೆ ಯಾರು ತಾನೇ ಬರುತ್ತಾರೆ? ಹೆಸರು ಕೊಡೋಕೆ ಗುರುವಾರ ಕೊನೆ. ಶನಿವಾರ ಸಂಜೆ ಮತ್ತೆ ಫೋನ್ ಬಂತು, 'ಅಣ್ಣ, ಖಂಡಿತ ಬರ್ತೀರಾ ತಾನೆ? ಆಗಲ್ಲ ಅಂದ್ರೆ ಈಗಲೇ ಹೇಳಿ, ಇನ್ನೊಬ್ಬರು ಕಾಯ್ತಿದಾರೆ' ಅಂತ. ಆ ಒಂದು ಫೋನಿಗೇ ನಾನು ಒಂದು ಸ್ಟಾರ್ ಕೊಡುತ್ತೇನೆ.

ಹಲ್ಲು ನೋಡಿ ವಿಭಾಗ ಮಾಡಿದ್ದು ಇನ್ನೊಂದು ಒಳ್ಳೆ ಕೆಲಸ. ಹಾಲುಹಲ್ಲಿನವನ್ನು ಪಶುವೈದ್ಯರು ಓಡಿಸೋಕೆ ಬಿಡಲೇ ಇಲ್ಲ. ಎರಡು ಹಲ್ಲು, ನಾಲ್ಕು ಹಲ್ಲಿನವಕ್ಕೆ ಒಂದು ಓಟ, ಆರು ಹಲ್ಲಿನವಕ್ಕೂ ಹಲ್ಲೆಲ್ಲ ಬಂದು ಬಾಯಿಗೂಡಿದ ಎತ್ತುಗಳಿಗೂ ಇನ್ನೊಂದು. ಎರಡು ವರ್ಷದ ಆಸುಪಾಸಿನಲ್ಲಿ ಮೊದಲ ಜೋಡಿ ಹಲ್ಲು ಬರುತ್ತದೆ, ಬಾಯಿಗೂಡೋಕೆ ನಾಲ್ಕೈದು ವರ್ಷ ಬೇಕು. ಎರಡು ಹಲ್ಲಿನ ಹೋರಿಗಳನ್ನು ಹತ್ತು ಓಟ ಗೆದ್ದ ಎತ್ತುಗಳ ಪಕ್ಕ ನಿಲ್ಲಿಸಿದರೆ ಆ ರೈತ ಮುಂದಿನ ಸಲ ಬರುವುದಿಲ್ಲ. ನಮ್ಮವು ಬೂಕನಬೆಟ್ಟದ ಜಾತ್ರೆಯಲ್ಲಿ ತಂದವು, ಈಗ ನಾಲ್ಕು ಹಲ್ಲು. ಅವುಗಳ ವಿಭಾಗದಲ್ಲಿ 13 ಜೋಡಿ. ಒಂದೊಂದು ಸಲ ಎರಡು ಗಾಡಿ ಬಿಟ್ಟಾಗ ಕೊನೆಗೆ ಒಂದು ಜೋಡಿ ಒಂಟಿಯಾಯಿತು. ಅದನ್ನೂ ಓಡಿಸಿದರು! ಸಮಯ ಅಳೆಯೋಕೆ ಸೆನ್ಸರ್ ಇಟ್ಟಿದ್ದರು, ಎಂಟು ಒಳ್ಳೆ ಸಮಯದವರು ಮುಂದಿನ ಸುತ್ತಿಗೆ. ಎದುರಾಳಿ ಇಲ್ಲದಿದ್ದರೂ ಓಡಿಯೇ ಗೆಲ್ಲಬೇಕು.

ನೆಲಕ್ಕೆ ಹಿಂದಿನ ದಿನ ಕುಂಟೆ ಹೊಡೆದು, ರಾತ್ರಿ ಟ್ಯಾಂಕರ್ ನೀರು ಬಿಟ್ಟಿದ್ದರು. ಕಾಲಿಗೆ ಮೆತ್ತಗಿತ್ತು. ಬಾಲ ಕಚ್ಚಿದರೆ, ಮೊಳೆಯ ಕೋಲು ಹಿಡಿದರೆ ಜೋಡಿ ಹೊರಗೆ. ಒಬ್ಬರನ್ನು ನಿಜವಾಗಿಯೂ ಕಳಿಸಿದರು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಓಟ ನಿಂತದ್ದು, 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿದ್ದು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದ್ದು ನೆನಪಿರುವವರಿಗೆ ಇದು ಎಷ್ಟು ಮುಖ್ಯ ಅಂತ ಗೊತ್ತು. ಆ ವರ್ಷಗಳಲ್ಲಿ ನಮ್ಮೂರಲ್ಲಿ ನಾಲ್ಕು ಮನೆಯವರು ಓಟದ ಎತ್ತು ಮಾರಿದರು. ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಗೂ ಎತ್ತು ಬೇಡವಾಯಿತು. ಈಗ ಅನುಮತಿ ಇದೆ, ಜೋಡಿ ಇಲ್ಲ. ಇರುವ ಜೋಡಿಗಳನ್ನು ಉಳಿಸಿಕೊಳ್ಳಬೇಕಲ್ವಾ?

ದುಡ್ಡಿನ ಲೆಕ್ಕ ಹೇಳುತ್ತೇನೆ. ಪಿಕಪ್ ಬಾಡಿಗೆ ನಮಗೆ 3,500 ಆಯಿತು. ದೂರದಿಂದ ಬಂದವರಿಗೆ ಬಾಡಿಗೆಯಲ್ಲಿ ಸ್ವಲ್ಪ ಕೊಟ್ಟರು. ಮೊದಲ ಸುತ್ತಿನಲ್ಲೇ ಸೋತವರಿಗೂ ಒಂದೊಂದು ಮೂಟೆ ಹಿಂಡಿ. ಮೊದಲ ಬಹುಮಾನ ಸಣ್ಣದು, ಬೈಕ್ ಗೀಕ್ ಏನೂ ಇಲ್ಲ. ಆ ದುಡ್ಡನ್ನು ಹೀಗೆ ಹಂಚಿದ್ದಾರೆ. ನನಗೆ ಇದೇ ಸರಿ ಅನ್ನಿಸಿತು, ಯಾಕೆಂದರೆ ಗೆಲ್ಲುವವನು ವಿಭಾಗಕ್ಕೆ ಒಬ್ಬನೇ, ಓಟ ತುಂಬಿಸುವವರು ಸೋಲುವ ಉಳಿದವರೆಲ್ಲ.

ಸರಿಯಿಲ್ಲದ್ದೂ ಇದೆ. ಗುರಿ ದಾಟಿದ ಮೇಲೆ ಎತ್ತು ಓಡಿ ನಿಲ್ಲೋಕೆ ಜಾಗ ಸಾಲದು. ಜನ ಮೊಬೈಲ್ ಹಿಡಿದು ಟ್ರ್ಯಾಕ್ ಒಳಗೇ ನುಗ್ಗುತ್ತಾರೆ, ಹಗ್ಗ ಕಟ್ಟಿದ್ದರೂ ಹಿಡಿಯುವವರಿಲ್ಲ. ಎರಡನೇ ಸುತ್ತಿನಲ್ಲಿ ನಮ್ಮ ಎಡಗಡೆಯ ಹೋರಿ ಬೆದರಿ ಪಕ್ಕಕ್ಕೆ ಎಳೆಯಿತು, ಒಂದು ಮಗು ಒಂದೇ ಮಾರು ದೂರದಲ್ಲಿತ್ತು. ನನ್ನ ಕೈ ಇನ್ನೂ ನಡುಗುತ್ತದೆ. ಅಲ್ಲಿ ಗಟ್ಟಿಯಾದ ಬೇಲಿ ಬೇಕೇ ಬೇಕು. ಇದಕ್ಕೆ ಒಂದು ಸ್ಟಾರ್ ಕಡಿಮೆ, ಒಟ್ಟು ನಾಲ್ಕು. ನೀರಿನ ತೊಟ್ಟಿ ಒಂದೇ ಇತ್ತು, ಅದೂ ದೂರ. ಊಟ ಚೆನ್ನಾಗಿತ್ತು.

ನಾವು ಕಡೂರಿನ ಜೋಡಿಯ ಎದುರು ಸೋತೆವು. ಅಪ್ಪ ದಾರಿಯುದ್ದಕ್ಕೂ ಅದೇ ಮಾತು, ಗಾಡಿಯ ಮೂಕಿ (ನೊಗ ಕಟ್ಟುವ ಉದ್ದ ಮರ) ಸ್ವಲ್ಪ ಹಗುರ ಮಾಡಿಸಬೇಕು, ಬಲಗಡೆಯದಕ್ಕೆ ಓಟ ಕಲಿಸಬೇಕು ಅಂತ. ಮುಂದಿನದು ಯುಗಾದಿ ಆದ ಮೇಲಂತೆ, ಹೆಸರು ಕೊಟ್ಟಾಗಿದೆ. ಪಕ್ಕದ ಮನೆಯ ಚಿಕ್ಕಪ್ಪನೂ ಬಂದು ನೋಡಿದ್ದರು. ಎರಡು ವರ್ಷದಿಂದ ಕೊಟ್ಟಿಗೆಯಲ್ಲೇ ಇದ್ದ ಅವರ ಜೋಡಿಯನ್ನು ಮೊನ್ನೆಯಿಂದ ಬೆಳಗ್ಗೆ ಕೆರೆ ಅಂಗಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದಾರೆ.